ಗುರುವಾರದ ಸಂಜೆ ಕ್ಲಿನಿಕ್

"ಡಾಕ್ಟರ್ ಮಾತಾಡ್ಬೇಕಂತೆ, ಆಡ್ರಿ. ನಿನ್ ಹತ್ರ. ಅಂಬ್ರೋಸ್ ಹತ್ರ ಅಲ್ಲ."

ಕುದಿನೀರಿನಿಂದ ಆಗಷ್ಟೇ ಎತ್ತಿಟ್ಟ ಇಡೀ ಎಲೆಕೋಸು ತಟ್ಟೆಯಲ್ಲಿ ಹಬೆಯಾಡುತ್ತಿತ್ತು. ಆಡ್ರಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಹರಿಯದಂತೆ ಎಲೆ ಬಿಡಿಸುವುದರಲ್ಲಿದ್ದಳು. ಬಿಡಿಸುತ್ತಿದ್ದ ಎಲೆ ನಡುವಿಗೆ ಸೀಳಿತು.

"ಯಾವ ವಿಷಯ ಅಂತೆ?"

"ಅದೆಲ್ಲಾ ನಂಗೆ ಗೊತ್ತಾಗೋ ಹಾಗಿದ್ರೆ ನಾನೇ ಡಾಕ್ಟರ್ ಆಗಿರ್ತಿದ್ದೆ. ಶುಕ್ರವಾರ ಬೆಳಿಗ್ಗೆ ಬರ್ತೀಯಾ?"

"ನಂಗೇನೂ ಆಗಿಲ್ವಲ್ಲ, ಮಾರ್ಲೀನ್."

"ಆಗಿದೆ ಅಂತ ಯಾರಂದ್ರು? ಹತ್ತೂವರೆಗೆ ಬರ್ಕೊಳ್ತೀನಿ."

ಇಷ್ಟೇ. ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತು ಇಡೀ ಊರಿನ ಕೆಮ್ಮು ನೆಗಡಿಗಳನ್ನು ಬಲ್ಲ ಮಾರ್ಲೀನ್, ಆಡ್ರಿಯ ಅಕ್ಕನ ಜೊತೆ ಶಾಲೆಗೆ ಹೋದವಳು. ಫೋನು ಮಾಡಿದರೆ ಹಿಮ ಎಷ್ಟು ಬಿತ್ತು, ಚರ್ಚಿನ ಊಟಕ್ಕೆ ಯಾರು ಏನು ತರುತ್ತಾರೆ, ಯಾರ ಮಗ ಯಾರನ್ನು ಬಿಟ್ಟ, ಎಲ್ಲವನ್ನೂ ಹೇಳಿ ಮುಗಿಸದೆ ಇಡುವವಳಲ್ಲ. ಇವತ್ತು ಕೋಸಿನೆಲೆಯ ಸುರುಳಿಯೊಳಗೆ ಎಷ್ಟು ಅಕ್ಕಿ ತುಂಬುತ್ತೀ ಎಂದು ಕೂಡ ಕೇಳಲಿಲ್ಲ. ಆಡ್ರಿಗೆ ಭಯವಾದದ್ದು ಅವಳು ಹೇಳಿದ ಮಾತಿಗಲ್ಲ, ಹೇಳದೆ ಬಿಟ್ಟ ಮಾತುಗಳಿಗೆ.

ಹೊರಗೆ ಅಂಬ್ರೋಸ್ ಸೌದೆ ಸೀಳುತ್ತಿದ್ದ. ಕೊಡಲಿಯ ಸದ್ದು ಬಂತು, ನಿಂತಿತು, ಮತ್ತೆ ಬಂತು. ಆ ಸದ್ದಿನ ನಡುವಿನ ಬಿಡುವನ್ನು ಕಿವಿಯಲ್ಲೇ ಅಳೆಯುವುದು ಅವಳಿಗೆ ಈಚೆಗೆ ಹತ್ತಿದ ಚಟ. ಬಿಡುವು ಉದ್ದವಾದರೆ ಒಲೆ ಬಿಟ್ಟು ಕಿಟಕಿಗೆ ಬರುತ್ತಿದ್ದಳು. ಹೆಚ್ಚಿನ ಸಲ ಅವನು ಕೊಡಲಿಗೆ ಒರಗಿ ನಿಂತು ಮೂಗು ಒರೆಸಿಕೊಳ್ಳುತ್ತಿರುತ್ತಿದ್ದ. ಒಂದೆರಡು ಸಲ ಮಾತ್ರ, ಮುಂದೇನು ಮಾಡಬೇಕು ಎಂದು ಕೊಡಲಿಯನ್ನೇ ಕೇಳುವವನಂತೆ ಅದನ್ನು ನೋಡುತ್ತ ನಿಂತಿದ್ದ. ನಲವತ್ತು ವರ್ಷಕ್ಕೂ ಮೇಲೆ ಸಂಸಾರ ಮಾಡಿದ ಗಂಡನನ್ನು ಪರದೆಯ ಸಂದಿಯಿಂದ ಕದ್ದು ನೋಡುವ ಹೆಂಗಸಾಗಿಬಿಟ್ಟೆನಲ್ಲ ಎಂದು ಆಡ್ರಿಗೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು. ಆದರೂ ನೋಡುವುದನ್ನು ಬಿಟ್ಟಿರಲಿಲ್ಲ.

ಯಾರು ಹೇಳಿರಬಹುದು?

ನವೆಂಬರಿನ ಆ ಗುರುವಾರ ಸಂಜೆ ಅಂಬ್ರೋಸ್ ಮರದ ಕಾರ್ಖಾನೆಯಿಂದ ಹಲಗೆ ತರಲು ಹೋಗಿದ್ದವನು ಪಿಕಪ್ಪಿನ ಒಂದೇ ದೀಪದಲ್ಲಿ ಮನೆಗೆ ಬಂದಿದ್ದ. ಎಡಗೈಗೆ ಸುತ್ತಿಕೊಂಡ ಕರವಸ್ತ್ರ ನೆನೆದು ತೊಟ್ಟಿಕ್ಕುತ್ತಿತ್ತು. "ಜಿಂಕೆ ಬಂತು," ಎಂದ. "ತಪ್ಪಿಸೋಕ್ಹೋಗಿ ಚರಂಡಿಗಿಳಿದೆ. ನಾನೇ ಮೇಲೆ ಹತ್ತಿಸ್ಕೊಂಡ್ ಬಂದೆ. ದೀಪದ ಗಾಜು ಕೀಳೋವಾಗ ಕೈ ಕೊಯ್ತು." ಹೇಳುವಾಗ ಸ್ವಲ್ಪ ಜಂಬವೂ ಇತ್ತು. ಆಡ್ರಿಯ ಸಣ್ಣ ಕಾರು ಚಳಿಗಾಲದ ಟೈರು ಹಾಕಿಸಲು ಗ್ಯಾರೇಜಿನಲ್ಲಿತ್ತು. ಅವಳು ಅವನನ್ನು ಪಕ್ಕದ ಸೀಟಿಗೆ ತಳ್ಳಿ, ಚಾಲಕನ ಸೀಟನ್ನು ಮುಂದಕ್ಕೆಳೆದುಕೊಂಡು, ಆ ದೊಡ್ಡ ಪಿಕಪ್ಪನ್ನು ತಾನೇ ಓಡಿಸಿದಳು. ಊರಿನ ಮುಖ್ಯರಸ್ತೆಯಲ್ಲಿ ಕ್ಲಿನಿಕ್ಕಿನ ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು. ಗುರುವಾರ ಸಂಜೆಯ ಸರದಿ ಡಾಕ್ಟರ್ ಹೋಗನ್‌ರದು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ, ವೇಗ ತಗ್ಗಿಸದೆ, ಅದರ ಮುಂದೆ ಹಾದು ದೂರದ ಪಟ್ಟಣ ಪೆಂಬ್ರೂಕ್‌ಗೆ ಹೋದಳು.

ಅಂಬ್ರೋಸ್ ತಲೆ ತಿರುಗಿಸಿ ದೀಪವನ್ನು ನೋಡಿದ್ದ. "ದಾಟಿ ಬಂದ್ಯಲ್ಲೇ ಮುದುಕಿ."

"ಅಲ್ಲಿ ಜನ ಇರ್ತಾರೆ. ಕಾಯ್ಬೇಕಾಗತ್ತೆ."

ಅದೇ ವರ್ಷದ ವಸಂತದಲ್ಲಿ ಡಾಕ್ಟರ್ ಹೋಗನ್ ನೆನಪಿನ ಪರೀಕ್ಷೆಗೆಂದು ಅವನ ಕೈಗೆ ಕಾಗದ ಪೆನ್ಸಿಲು ಕೊಟ್ಟು ಗಡಿಯಾರದ ಚಿತ್ರ ಬರೆಸಿದ್ದರು. ಹತ್ತು ಗಂಟೆ ಹತ್ತು ನಿಮಿಷಕ್ಕೆ ಮುಳ್ಳು ಇಡಿ ಎಂದಿದ್ದರು. "ಈ ಕಾಲದಲ್ಲಿ ಡಾಕ್ಟ್ರ ಹತ್ರಾನೂ ಗಡಿಯಾರ ಇಲ್ವಾ?" ಎಂದು ಅವನು ನಗಿಸಿದ್ದ. ಮುಳ್ಳುಗಳು ಹೇಗೋ ಸರಿಯಾದ ಜಾಗಕ್ಕೆ ಬಂದವು. ಅಂಕಿಗಳೆಲ್ಲ ಒಂದೇ ಕಡೆಗೆ ಜಾರಿ ಒತ್ತೊತ್ತಾಗಿ ನಿಂತಿದ್ದವು. ಅವನು ಕೋಟು ಹಾಕಿಕೊಳ್ಳುವಾಗ ಡಾಕ್ಟರ್ ಆಡ್ರಿಗೆ ಮೆಲ್ಲಗೆ ಹೇಳಿದ್ದರು: "ಸದ್ಯಕ್ಕೆ ಪರವಾಗಿಲ್ಲ. ಆದ್ರೆ ರಸ್ತೇಲಿ ಏನಾದ್ರೂ ಆದ್ರೆ, ಅದು ನನ್ನ ಕಿವಿಗೆ ಬಿದ್ರೆ, ನಾನು ಟೊರಾಂಟೋದ ಸಾರಿಗೆ ಇಲಾಖೆಗೆ ಬರೀಲೇಬೇಕು. ಲೈಸೆನ್ಸ್ ಹೋಗತ್ತೆ. ಅದು ಕಾನೂನು. ನನ್ನಿಷ್ಟ ಅಲ್ಲ."

ಕಿವಿಗೆ ಬಿದ್ದರೆ ತಾನೆ, ಎಂದು ಆಡ್ರಿ ಅಂದುಕೊಂಡಿದ್ದಳು. ಜೀವಮಾನವೆಲ್ಲ ಮರದ ದಿಮ್ಮಿಯ ಲಾರಿಯನ್ನು ಮಂಜಿನ ಮೇಲೆ ಓಡಿಸಿದ ಮನುಷ್ಯ. ಈಗಲೂ ಬುಧವಾರಗಳಂದು ಮೊಮ್ಮಗಳು ಟೆಸ್ಸಾಳನ್ನು ಐಸ್ ಹಾಕಿ ಆಟದ ಅಭ್ಯಾಸಕ್ಕೆ ಕರೆದೊಯ್ಯುವುದು ಅವನ ಕೆಲಸ. ವಾರದ ಉಳಿದ ದಿನಗಳನ್ನೆಲ್ಲ ಅವನು ಆ ಬುಧವಾರಕ್ಕೆ ಒರಗಿಸಿಟ್ಟುಕೊಂಡಿದ್ದ.

ಯಾರು ಬೇಕಾದರೂ ನೇರ ಹೋಗಬಹುದಾದ ಪೆಂಬ್ರೂಕ್‌ನ ವಾಕ್-ಇನ್ ಕ್ಲಿನಿಕ್ಕಿನಲ್ಲಿ ಯಾರೂ ಅವರನ್ನು ಬಲ್ಲವರಿರಲಿಲ್ಲ. ಮುಖ ನೋಡದೆ ಕೈ ಮಾತ್ರ ನೋಡುವ ಎಳೆಯ ಡಾಕ್ಟರು ಹೊಲಿಗೆ ಹಾಕುತ್ತ, "ಹೇಗಾಯ್ತು?" ಎಂದ. ಅಂಬ್ರೋಸ್ ಬಾಯಿ ತೆರೆಯುವ ಮೊದಲೇ ಆಡ್ರಿ, "ಏಣಿಯಿಂದ ಬಿದ್ದ," ಎಂದಳು. ಅಂಬ್ರೋಸ್ ಅವಳನ್ನೇ ನೋಡಿದ. ಮನೆಗೆ ಮರಳುವ ದಾರಿಯಲ್ಲಿ, ಅರ್ಧ ದಾರಿ ಕಳೆದ ಮೇಲೆ, ಕತ್ತಲಿನೊಳಗಿಂದ ಕೇಳಿದ: "ಯಾವ ಏಣಿ?"

ಅದು ಚೇಷ್ಟೆಯೋ ನಿಜವಾದ ಪ್ರಶ್ನೆಯೋ ಅವಳಿಗೆ ಇವತ್ತಿಗೂ ಗೊತ್ತಾಗಿರಲಿಲ್ಲ. ಆಮೇಲೆ ಯಾರು ಕೇಳಿದರೂ, ಮಗಳು ಪೌಲಾ ಕೇಳಿದರೂ, ಅವನು ಏಣಿಯ ಕತೆಯನ್ನೇ ಹೇಳಿದ. ಅದಕ್ಕೆ ಬಣ್ಣ ಕೂಡ ಬಳಿದ. ಮೂರನೆಯ ಮೆಟ್ಟಿಲು ಜಾರಿತಂತೆ, ದನದ ಕೊಟ್ಟಿಗೆಯ ಮಾಡಿನ ಹತ್ತಿರವಂತೆ. ತನಗಾಗಿ ಸುಳ್ಳು ಹೇಳುತ್ತಿದ್ದಾನೋ, ಅಥವಾ ಏಣಿಯಿಂದ ಬಿದ್ದೆನೆಂದೇ ನಂಬಿದ್ದಾನೋ? ಕೇಳಲು ಅವಳಿಗೆ ಧೈರ್ಯವಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಏಳುವ ಮೊದಲೇ ಅವಳು ಪಿಕಪ್ ಚರಂಡಿಗಿಳಿದ ತಿರುವಿನ ತನಕ ನಡೆದು ಹೋಗಿದ್ದಳು. ಹೊಸ ಹಿಮದ ಮೇಲೆ ಪಿಕಪ್ಪಿನ ಚಕ್ರದ ಗುರುತು ಸ್ಪಷ್ಟವಾಗಿತ್ತು. ರಸ್ತೆ ಎಡಕ್ಕೆ ತಿರುಗಿತ್ತು, ಚಕ್ರಗಳು ನೇರ ಹೋಗಿದ್ದವು. ಬ್ರೇಕು ಹಾಕಿ ಜಾರಿದ ಗುರುತು ಇರಲಿಲ್ಲ. ಗೊರಸಿನ ಗುರುತು ಆಚೆಗೂ ಇರಲಿಲ್ಲ, ಈಚೆಗೂ ಇರಲಿಲ್ಲ. ಒಂದು ಮೊಲ ಮಾತ್ರ ಅಡ್ಡ ಹೋಗಿತ್ತು. ಅವಳು ಬೂಟಿನಿಂದ ಆ ಹಿಮವನ್ನೆಲ್ಲ ಕೆದರಿ ಬಂದಳು.

ಹಾಗಾದರೆ ಯಾರು? ಔಷಧಿ ಅಂಗಡಿಯ ಡಗ್ ಇರಬೇಕು. ಕೀವಾಗದ ಮಾತ್ರೆಯ ಚೀಟಿ ನೋಡಿ, "ಪೆಂಬ್ರೂಕಿಂದಾ?" ಎಂದು ಹುಬ್ಬೇರಿಸಿದ್ದ. ಇಲ್ಲವೆ ಹೊಸ ದೀಪ ಕೂರಿಸಿದ ಗ್ಯಾರೇಜಿನವನು. ಅಥವಾ ಮಾರ್ಲೀನ್ ತಾನೇ, ಹೇಗೋ ಮೂಸಿ.

ಇವರಲ್ಲಿ ಯಾರೂ ಅಲ್ಲದಿದ್ದರೆ ಕರೆಸಲು ಇನ್ನೊಂದು ಕಾರಣವಿರಬಹುದಿತ್ತು, ಅದು ಇನ್ನೂ ಕೆಟ್ಟದ್ದು. ಡಾಕ್ಟರ್ ಹೋಗನ್ ಊರಿಗೆ ಬಂದ ವರ್ಷ ಆಡ್ರಿ, ಅಂಬ್ರೋಸ್ ಇಬ್ಬರೂ ಅವರ ಖಾಯಂ ರೋಗಿಗಳ ಪಟ್ಟಿಗೆ ಸೇರಲು ಸಹಿ ಹಾಕಿದ್ದರು. ಕ್ಲಿನಿಕ್ಕಿನ ಡಾಕ್ಟರುಗಳು ಸರದಿಯ ಮೇಲೆ ಸಂಜೆ ಹೊತ್ತು, ಶನಿವಾರವೂ ಬಾಗಿಲು ತೆರೆದಿಡಬೇಕು. ಪಟ್ಟಿಯಲ್ಲಿರುವವರು ಬೇರೆ ಕಡೆ ಓಡದೆ ಮೊದಲು ಅವರ ಬಾಗಿಲಿಗೇ ಬರಬೇಕು. ಬೇರೆ ಕಡೆ ಹೋದರೆ ಡಾಕ್ಟರಿಗೆ ಸರಕಾರ ಕೊಡುವ ಹಣದಲ್ಲಿ ಕಡಿತವಾಗುತ್ತದೆ. ಇದು ಊರಿಗೆಲ್ಲ ಗೊತ್ತಿದ್ದ ವಿಷಯ. ಗ್ಲೆನ್ ಕಾಸ್ಟೆಲೋ ಸಣ್ಣ ಗಂಟಲು ನೋವಿಗೂ ಪೆಂಬ್ರೂಕ್‌ಗೆ ಓಡುತ್ತಿದ್ದವನು. ಕೊನೆಗೆ ಅವನ ಡಾಕ್ಟರು ಅವನನ್ನು ಪಟ್ಟಿಯಿಂದ ತೆಗೆದೇ ಹಾಕಿದರು. ಈಗ ಅವನು ರಕ್ತದೊತ್ತಡದ ಮಾತ್ರೆ ಬರೆಸಿಕೊಳ್ಳಲು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಇಡೀ ದಿನ ಕೂರುತ್ತಾನೆ. ಸುತ್ತಮುತ್ತ ಎಲ್ಲೂ ಹೊಸಬರನ್ನು ತೆಗೆದುಕೊಳ್ಳುವ ಡಾಕ್ಟರಿಲ್ಲ. ಅಂಬ್ರೋಸ್‌ನ ತಲೆಯೊಳಗೆ ಏನಾಗುತ್ತಿದೆಯೋ ಅದು ಮುಂದುವರಿದರೆ, ಡಾಕ್ಟರಿಲ್ಲದೆ, ಗ್ಲೆನ್‌ನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವನನ್ನು ಕೂರಿಸಿಕೊಂಡು ತಾನು ಇರುವುದನ್ನು ಆಡ್ರಿ ಕಂಡಳು.

ಹಿತ್ತಲ ಬಾಗಿಲು ತೆರೆದು ಅಂಬ್ರೋಸ್ ಚಳಿಯ ಜೊತೆ ಒಳಗೆ ಬಂದ. "ಯಾರದು ಫೋನು?"

"ಮಾರ್ಲೀನ್. ಚರ್ಚಿನ ಊಟದ ವಿಷಯ."

"ಇಷ್ಟು ಬೇಗ ಮುಗೀತಾ? ಅವಳಿಗೇನು ಹುಷಾರಿಲ್ವಾ?"

ಅವಳು ನಕ್ಕಳು. ನಗುತ್ತಲೇ, ಇವನಿಗೆ ಇದು ಹೊಳೆಯುತ್ತದಲ್ಲ, ಹಾಗಾದರೆ ಎಲ್ಲ ಸರಿಯಿದೆಯೇನೋ, ಎಂದೂ ಅಂದುಕೊಂಡಳು.

ಬುಧವಾರ ಅವಳು ಎಂದಿನಂತೆ ಏನೋ ನೆಪ ಹೇಳಿ ಪಿಕಪ್ ಹತ್ತಿದಳು. ಆಟ ನೋಡುವ ಆಸೆ ಎಂದಳು. "ಅಜ್ಜಿಗೆ ಆಟದ ನಿಯಮಾನೇ ಗೊತ್ತಿಲ್ಲ," ಎಂದಳು ಹಿಂದೆ ಕೂತ ಟೆಸ್ಸಾ. "ಬಿಸಿ ಚಾಕಲೇಟ್ ಕುಡಿಯೋಕೆ ಬರ್ತಾಳೆ," ಎಂದ ಅಂಬ್ರೋಸ್. ಅವನು ಚೆನ್ನಾಗಿಯೇ ಓಡಿಸುತ್ತಿದ್ದ. ಒಂದು ಕೈ ಸ್ಟೇರಿಂಗ್ ಚಕ್ರದ ಮೇಲೆ ಸುಮ್ಮನೆ ಕೂತಿತ್ತು. ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ಲಾರಿಗೆ ದಾರಿ ಕೊಟ್ಟ, ಎದುರಿನವರಿಗೆ ಬೆರಳೆತ್ತಿ ನಮಸ್ಕಾರ ಮಾಡಿದ. ನಾಲ್ಕು ರಸ್ತೆ ಕೂಡುವಲ್ಲಿ ಪದ್ಧತಿಯಂತೆ ನಿಲ್ಲಿಸಿದ. ಯಾವ ಕಡೆಯಿಂದಲೂ ಯಾರೂ ಬರುತ್ತಿರಲಿಲ್ಲ. ಅವನು ನಿಂತೇ ಇದ್ದ. ಒರೆಸುವ ಕಡ್ಡಿಗಳು ಗಾಜಿನ ಮೇಲೆ ಹೋಗಿ ಬಂದವು, ಹೋಗಿ ಬಂದವು. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಎದುರಿಗೆ ನೋಡಿದ. ಆಡ್ರಿ ಉಸಿರು ಬಿಗಿಹಿಡಿದಳು. ತಾನು ಬಾಯಿ ಬಿಟ್ಟರೆ ಏನೋ ಒಂದು ಖಚಿತವಾಗಿಬಿಡುತ್ತದೆ.

"ಅಜ್ಜಾ, ಬಲಕ್ಕೆ," ಎಂದಳು ಟೆಸ್ಸಾ ಹಿಂದಿನಿಂದ. ಅವಳ ದನಿಯಲ್ಲಿ ಅಚ್ಚರಿಯೇ ಇರಲಿಲ್ಲ. ಇದು ಮೊದಲ ಸಲ ಅಲ್ಲ ಎಂದು ಆಡ್ರಿಗೆ ಹೊಳೆಯಿತು.

"ಗೊತ್ತಮ್ಮ. ನಿಂಗ್ ಗೊತ್ತಾ ಅಂತ ಪರೀಕ್ಷೆ ಮಾಡ್ದೆ."

ಮೂವರೂ ನಕ್ಕರು.

ಶುಕ್ರವಾರ ಅವನೇ ಅವಳನ್ನು ಕ್ಲಿನಿಕ್ಕಿಗೆ ಕರೆತಂದ. ಮೊಣಕಾಲು ನೋವು ತೋರಿಸಬೇಕು ಎಂದಿದ್ದಳು. "ಒಳಗ್ ಬರಲ್ಲ ನಾನು. ಕೆಮ್ಮೋರ ಮಧ್ಯೆ ಕೂತ್ರೆ ಹೊಸ ರೋಗ ತಗೊಂಡು ಹೋಗ್ಬೇಕಾಗತ್ತೆ," ಎಂದು ಇಂಜಿನ್ ಆರಿಸದೆ ಕೂತ. ಮಾರ್ಲೀನ್ ಅವಳ ಹಸಿರು ಆರೋಗ್ಯ ಕಾರ್ಡನ್ನು ಎರಡು ಬೆರಳಲ್ಲಿ ತೆಗೆದುಕೊಂಡು ಯಂತ್ರದಲ್ಲಿ ಎಳೆದು ಮರಳಿಸಿದಳು. "ಒಳಗೇ ಹೋಗು. ಕಾಯೋದೇನೂ ಇಲ್ಲ." ಕಾಯಿಸದೆ ಒಳಗೆ ಬಿಡುವುದು ಈ ಕ್ಲಿನಿಕ್ಕಿನಲ್ಲಿ ಒಳ್ಳೆಯ ಲಕ್ಷಣವಲ್ಲ.

"ನೀನೇನಾದ್ರೂ ಹೇಳಿದ್ಯಾ ಡಾಕ್ಟ್ರಿಗೆ?" ಎಂದು ಆಡ್ರಿ ತಡೆಯಲಾರದೆ ಕೇಳಿದಳು.

"ಏನಂತ?" ಮಾರ್ಲೀನ್ ಕನ್ನಡಕದ ಮೇಲಿಂದ ನೋಡಿದಳು. "ಏನಿದೆ ಹೇಳೋಕೆ?"

ತಾನೇ ಬಾಯಿಬಿಟ್ಟೆನಲ್ಲ ಎಂದು ನಾಲಿಗೆ ಕಚ್ಚಿಕೊಂಡು ಆಡ್ರಿ ಒಳಗೆ ಹೋದಳು.

ಡಾಕ್ಟರ್ ಹೋಗನ್ ನಲವತ್ತೈದು ದಾಟಿರದ, ಯಾವಾಗಲೂ ನಿದ್ದೆ ಬಾಕಿಯಿರುವಂತೆ ಕಾಣುವ ಹೆಂಗಸು. ಇವತ್ತು ಕಂಪ್ಯೂಟರಿನ ಕಡೆ ತಿರುಗದೆ ನೇರ ಅವಳ ಕಡೆ ಕುರ್ಚಿ ಹಾಕಿಕೊಂಡಿದ್ದರು. ಅದೂ ಆಡ್ರಿಗೆ ಸರಿಬರಲಿಲ್ಲ.

"ಹೋದ ತಿಂಗಳು ಅಂಬ್ರೋಸ್ ಪೆಂಬ್ರೂಕಲ್ಲಿ ತೋರಿಸ್ಕೊಂಡ್ರಂತೆ."

"ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಅಲ್ಲಿ ಕಾರ್ಡ್ ಎಳೀತಾರಲ್ಲ, ಅದು ತಿರುಗಿ ನನಗೇ ಬರತ್ತೆ. ಹೆಸರು, ತಾರೀಕು, ಅಷ್ಟೇ. ಯಾಕೆ ಅಂತ ಬರಲ್ಲ."

ಡಗ್ ಅಲ್ಲ, ಗ್ಯಾರೇಜಿನವನಲ್ಲ, ಮಾರ್ಲೀನೂ ಅಲ್ಲ. ಯಾರ ಕಣ್ಣಿಗೂ ಬೀಳಬಾರದು ಎಂದು ಅಷ್ಟು ದೂರ ಹೋಗಿ, ಅಲ್ಲಿ ಕೈಯಾರೆ ತಾನೇ ಆ ಕಾರ್ಡನ್ನು ಕೊಟ್ಟಿದ್ದಳು.

"ಏಣಿಯಿಂದ ಬಿದ್ದ," ಎಂದಳು ಆಡ್ರಿ. "ಕೈ ಕೊಯ್ದಿತ್ತು. ಈಗ ವಾಸಿಯಾಗಿದೆ. ನಿಮಗೆ ಕಡಿತ ಆಯ್ತು ಅಂತ ಗೊತ್ತು. ತಪ್ಪಾಯ್ತು. ಇನ್ನೊಂದ್ಸಲ ಹೋಗಲ್ಲ. ಪಟ್ಟಿಯಿಂದ ಮಾತ್ರ ತೆಗೀಬೇಡಿ, ಡಾಕ್ಟರ್. ನನ್ನ ಬೇಕಾದ್ರೆ ತೆಗೀರಿ. ಅವನನ್ನ ತೆಗೀಬೇಡಿ."

ಮನೆಯಲ್ಲಿ ಅನೇಕ ಸಲ ಹೇಳಿ ನೋಡಿಕೊಂಡಿದ್ದ ಮಾತು. ಹೇಳಿ ಮುಗಿಸಿದ ಮೇಲೆ ಚೀಲವನ್ನು ಮಡಿಲಲ್ಲಿ ಒತ್ತಿ ಹಿಡಿದಳು.

"ಒಂದು ಸಲ ಹೋದೋರನ್ನ ಯಾರೂ ತೆಗೆಯಲ್ಲ ಆಡ್ರಿ. ಕಡಿತಕ್ಕೆ ನಿಮ್ಮನ್ನ ಕರೀಲಿಲ್ಲ." ಡಾಕ್ಟರ್ ಒಂದು ಗಳಿಗೆ ಕಿಟಕಿಯ ಕಡೆ ನೋಡಿದರು. "ಆ ಗುರುವಾರ ಸಂಜೆ ನನ್ನ ಸರದಿ. ಆರು ಗಂಟೆ ಆದ್ಮೇಲೆ ಒಬ್ರೂ ಬರ್ಲಿಲ್ಲ. ಬರ್ಲಿ ಬರದೇ ಇರ್ಲಿ ಎಂಟರ ತನಕ ಬಾಗಿಲು ತೆಗೆದಿಟ್ಟು ಕೂರಬೇಕು, ಒಪ್ಪಂದ ಹಾಗಿದೆ. ದೀಪ ಹಾಕ್ಕೊಂಡು ಮುಂದಿನ ಕೋಣೇಲಿ ಕೂತು ರಸ್ತೆ ನೋಡ್ತಿದ್ದೆ. ನಿಮ್ಮ ಕೆಂಪು ಪಿಕಪ್ ಹೋಯ್ತು. ನೀವು ಓಡಿಸ್ತಿದ್ರಿ. ಅದನ್ನ ಯಾವತ್ತೂ ಓಡಿಸದೇ ಇರೋರು. ಒಂದೇ ದೀಪ ಉರೀತಿತ್ತು." ಅವರು ಮೆಲ್ಲಗೆ ಸೇರಿಸಿದರು: "ಏಣಿ ದೀಪದ ಮೇಲೂ ಬಿತ್ತಾ?"

ಹಾಗಾದರೆ ಒಂದು ತಿಂಗಳಿಂದ ಇವರು ನೋಡಿಕೊಂಡೇ ಕೂತಿದ್ದರು. ಕಾರ್ಡಿನ ಕತೆ ಬರೀ ನೆಪ. ತನ್ನನ್ನು ಒಬ್ಬಳನ್ನೇ ಕರೆಸಿ, ಬಾಗಿಲು ಹಾಕಿ, ಈ ಮೆತ್ತನೆಯ ದನಿಯಲ್ಲಿ. ಆ ಮೆತ್ತನೆಯೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಂಶಯ ತರಿಸಿತು.

"ಬಂದಿದ್ರೆ ಏನ್ಮಾಡ್ತಿದ್ರಿ?" ಎಂದಳು, ತನಗೇ ಗೊತ್ತಿಲ್ಲದ ಒರಟುತನದಲ್ಲಿ.

"ಹೊಲಿಗೆ ಹಾಕ್ತಿದ್ದೆ."

"ಆಮೇಲೆ?"

ಡಾಕ್ಟರ್ ತಡೆದು ಹೇಳಿದರು. "ಆಮೇಲೆ ಕೇಳ್ತಿದ್ದೆ."

"ಅದಕ್ಕೇ ಬರ್ಲಿಲ್ಲ."

ಹೊರಗಿನ ಕೋಣೆಯಲ್ಲಿ ಒಂದು ಮಗು ರಚ್ಚೆ ಹಿಡಿದು ಅಳುತ್ತಿತ್ತು, ಮಾರ್ಲೀನ್ ಅದಕ್ಕೆ ಏನೋ ಆಸೆ ತೋರಿಸುತ್ತಿದ್ದಳು.

"ನೋಡಿ," ಎಂದರು ಡಾಕ್ಟರ್. "ಪಿಕಪ್ಪಿನ ದೀಪ ಯಾರದ್ದಾದ್ರೂ ಒಡೆಯತ್ತೆ. ಅಷ್ಟನ್ನ ಇಟ್ಕೊಂಡು ನಾನು ಯಾರಿಗೂ ಏನೂ ಬರೆಯೋಕಾಗಲ್ಲ. ಕೇಳಿದ್ರೆ, ನೀವು ಹೇಳಿದ್ರೆ, ಬರೀಲೇಬೇಕು. ನಾನಿನ್ನೂ ಕೇಳಿಲ್ಲ. ನೀವು ಎದ್ದು ಹೋಗ್ಬಹುದು. ಪಟ್ಟೀಲೂ ಇರ್ತೀರಿ. ಆದ್ರೆ ಮುಂದಿನ ಸಲ ಏನಾದ್ರೂ ಆದಾಗ ನೀವು ಮತ್ತೆ ಈ ಕಿಟಕಿ ದಾಟ್ಕೊಂಡೇ ಹೋಗ್ತೀರಿ. ಅದೇ ನಂಗೆ..." ಮಾತು ಮುಗಿಸದೆ ಕಣ್ಣುಜ್ಜಿಕೊಂಡರು. "ನೀವು ಬರೋಕೆ ಹೆದರೋ ಹಾಗಾದ್ರೆ ನಾನು ಆ ದೀಪ ಹಾಕ್ಕೊಂಡು ಯಾರಿಗೋಸ್ಕರ ಕೂರ್ಲಿ?"

ಇದೂ ಒಂದು ಬಲೆಯೇ ಇರಬಹುದು. ಏಳಬೇಕು, ಎಂದು ಆಡ್ರಿ ಅಂದುಕೊಂಡಳು. ಏಳು, ಮೊಣಕಾಲಿನ ಮಾತ್ರೆ ಬರೆಸಿಕೋ, ಹೋಗು. ಅವಳು ಚೀಲದ ಹಿಡಿ ಹಿಡಿದು ಕಿಟಕಿಯ ಕಡೆ ನೋಡಿದಳು. ಹೊರಗೆ ಅಂಬ್ರೋಸ್ ಕೆಳಗಿಳಿದು ಗಾಜಿನ ಮೇಲಿನ ಮಂಜನ್ನು ಕೆರೆಯುತ್ತಿದ್ದ. ತನ್ನ ಕಡೆಯದನ್ನು ಮುಗಿಸಿ ಅವಳು ಕೂರುವ ಕಡೆಗೆ ಹೋದ. ಅಲ್ಲಿ ಇನ್ನೂ ಚೆನ್ನಾಗಿ ಕೆರೆದ, ತೋಳಿನಿಂದ ಒರೆಸಿದ. ಆಮೇಲೆ ಹಿಂದಿನ ಕಿಟಕಿ, ಟೆಸ್ಸಾ ಕೂರುವ ಕಡೆಯದು. ಅಲ್ಲಿ ಕೆರೆಯುತ್ತಿದ್ದ ಕೈ ನಿಂತಿತು. ಅವನು ಕೆರೆಯುವ ಸಾಮಾನನ್ನು ಹಿಡಿದುಕೊಂಡು ಆ ಗಾಜಿನ ಮುಂದೆ ಸುಮ್ಮನೆ ನಿಂತ. ಅವಳು ಕಾದಳು. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ.

ಅಜ್ಜಾ, ಬಲಕ್ಕೆ.

"ಜಿಂಕೆ ಇರ್ಲಿಲ್ಲ," ಎಂದಳು ಆಡ್ರಿ.

"ಯಾವ ಜಿಂಕೆ?" ಎಂದರು ಡಾಕ್ಟರ್.

ಅವಳು ಹೇಳಿದಳು. ತಿರುವು, ನೇರ ಹೋದ ಚಕ್ರದ ಗುರುತು, ತಾನು ಕೆದರಿದ ಹಿಮ. ನಾಲ್ಕು ರಸ್ತೆ ಕೂಡುವಲ್ಲಿ ಒರೆಸುವ ಕಡ್ಡಿಗಳು ಹೋಗಿ ಬಂದದ್ದು. ಹೇಳುವಾಗ ಅಳು ಬರಲಿಲ್ಲ. ಯಾರದೋ ಮನೆಯ ದೂರು ಹೇಳುತ್ತಿರುವ ಹಾಗಿತ್ತು. ಡಾಕ್ಟರ್ ಬರೆದುಕೊಳ್ಳಲಿಲ್ಲ, ಕೇಳಿಸಿಕೊಂಡರು. ಕೊನೆಗೆ, ಇವತ್ತಿನಿಂದಲೇ ಅಂಬ್ರೋಸ್ ಗಾಡಿ ಓಡಿಸಬಾರದು, ಇಲ್ಲಿಂದ ಮನೆಗೆ ಕೂಡ, ಎಂದರು. ಅವರನ್ನು ಒಳಗೆ ಕಳಿಸಿ, ಈ ಮಾತು ನಾನೇ ಹೇಳುತ್ತೇನೆ, ಹೇಳುವುದು ನನ್ನ ಕೆಲಸ, ಎಂದರು. "ಪಿಕಪ್ಪಿನ ದೀಪ ನಾನೇ ನೋಡಿದೆ ಅಂತ ಹೇಳ್ತೀನಿ. ನಿಮ್ಮ ಹೆಸರು ಎತ್ತಲ್ಲ."

"ಎತ್ತಿ," ಎಂದಳು ಆಡ್ರಿ. "ಸಾಕು ಇನ್ನು."

ಹೊರಗೆ ಬರುವಾಗ ಮಾರ್ಲೀನ್ ತಲೆಯೆತ್ತಿ ಏನೋ ಕೇಳಲು ಹೊರಟು, ಅವಳ ಮುಖ ನೋಡಿ ಬಾಯಿ ಮುಚ್ಚಿದಳು. ಆಮೇಲೆ ಮೇಜಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಪೆನ್ನುಗಳನ್ನು ಜೋಡಿಸತೊಡಗಿದಳು.

ಪಿಕಪ್ಪಿನ ಒಳಗೆ ಬೆಚ್ಚಗಿತ್ತು. ಅಂಬ್ರೋಸ್ ರೇಡಿಯೋದ ಸದ್ದು ತಗ್ಗಿಸಿದ. "ಮೊಣಕಾಲು ಕತ್ತರಿಸ್ಬೇಕಂತಾ?"

"ಇಲ್ಲ."

"ಮತ್ತೆ ಮುಖ ಯಾಕೆ ಹಾಗಿದೆ? ಕಾಸ್ಟೆಲೋ ಥರ ನಮ್ಮನ್ನೂ ಹೊರಗ್ ಹಾಕಿದ್ರಾ?"

"ಇಲ್ಲ. ಇಟ್ಕೊಂಡಿದ್ದಾರೆ." ಅವಳು ಕೈಚೀಲದ ಹಿಡಿಯನ್ನು ತಿರುಚಿದಳು. "ಡಾಕ್ಟರ್ ನಿನ್ನ ಕರೀತಿದ್ದಾರೆ. ಆ ಗುರುವಾರದ ವಿಷಯ."

ಅವನು ಅವಳನ್ನು ನೋಡಿದ. ಆ ನೋಟದಲ್ಲಿ ಮಸುಕಿರಲಿಲ್ಲ, ಲಾರಿ ಓಡಿಸುವ ಕಾಲದ್ದೇ ನೋಟ. ಅದಕ್ಕೆ ಮುಖ ಕೊಡುವುದು ಅವಳಿಗೆ ಕಷ್ಟವಾಯಿತು.

"ಏಣಿ ಇರ್ಲಿಲ್ಲ ಅಂತ ಹೇಳ್ಬಿಟ್ಯಾ?"

"ಹೇಳ್ಬಿಟ್ಟೆ. ನಿಂಗೆ... ನಿಂಗೆ ಗೊತ್ತಿತ್ತಾ, ಇರ್ಲಿಲ್ಲ ಅಂತ?"

"ಗೊತ್ತಿಲ್ದೇ ಏನು? ನೀನು ಏಣಿ ಅಂದೆ, ಏನೋ ಕಾರಣ ಇರತ್ತೆ ಅಂದ್ಕೊಂಡು ನಾನೂ ಎಲ್ರಿಗೂ ಏಣಿ ಅಂದೆ." ಸ್ವಲ್ಪ ನಕ್ಕ. "ಮೂರನೇ ಮೆಟ್ಲು ನನ್ನ ಸೇರ್ಪಡೆ. ಚೆನ್ನಾಗಿತ್ತಲ್ಲ?"

ಒಂದು ತಿಂಗಳು ಅವಳು ಅವನ ಬೆನ್ನ ಹಿಂದೆ ಹೊಂಚು ಹಾಕಿದ್ದಳು. ಆ ಇಡೀ ತಿಂಗಳು ಅವನು ಅವಳ ಸುಳ್ಳನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದ. ಮನಸ್ಸು ಒಮ್ಮೆಲೇ ಹಗುರವಾಯಿತು. ಒಳಗೆ ಓಡಿಹೋಗಿ, ನಾನು ಹೇಳಿದ್ದೆಲ್ಲ ತಪ್ಪು ಎನ್ನಬೇಕೆನ್ನಿಸಿತು.

ಅಂಬ್ರೋಸ್ ಬಾಗಿಲು ತೆರೆದು ಒಂದು ಕಾಲು ಹಿಮದ ಮೇಲಿಟ್ಟ. ಏನೋ ನೆನಪಾದವನಂತೆ ತಿರುಗಿದ.

"ಆದ್ರೆ ಜಿಂಕೆ ಇತ್ತು, ಆಡ್. ಗಂಡು ಜಿಂಕೆ. ದೊಡ್ಡ ಕೊಂಬು. ನನ್ನ ಮುಖಾನೇ ನೋಡ್ತಾ ನಿಂತಿತ್ತು."

ಅವಳು ತಲೆಯಾಡಿಸಿದಳು. ಅವನು ಕೀಲಿಗೆ ಕೈ ಹಾಕಿದವನು ಹಿಂದಕ್ಕೆ ತೆಗೆದುಕೊಂಡ. "ಇಂಜಿನ್ ಓಡ್ತಾ ಇರ್ಲಿ ಬಿಡು. ನಿಂಗೆ ಬೆಚ್ಚಗಿರ್ಲಿ," ಎಂದು ಬಾಗಿಲು ಹಾಕಿ, ಜಾರದಂತೆ ಹೆಜ್ಜೆ ಅಗಲವಾಗಿ ಊರುತ್ತ ಕ್ಲಿನಿಕ್ಕಿನ ಕಡೆ ನಡೆದ. ಬಾಗಿಲಲ್ಲಿ ನಿಂತು, ಒಳಗೆ ಹೋಗುವ ಮೊದಲು, ಬೂಟಿನ ಹಿಮವನ್ನು ಎರಡು ಸಲ ಕೊಡವಿಕೊಂಡ.

ಆಡ್ರಿ ಸ್ವಲ್ಪ ಹೊತ್ತು ತನ್ನ ಜಾಗದಲ್ಲೇ ಕೂತಿದ್ದಳು. ಆಮೇಲೆ ಇಳಿದು, ಸುತ್ತಿ ಬಂದು, ಚಾಲಕನ ಸೀಟಿಗೆ ಹತ್ತಿದಳು. ಸೀಟು ಇನ್ನೂ ಬೆಚ್ಚಗಿತ್ತು. ಅವನ ಉದ್ದ ಕಾಲುಗಳಿಗೆ ತಕ್ಕಂತೆ ಹಿಂದಕ್ಕೆ ಸರಿಸಿಟ್ಟದ್ದು. ಅವಳ ಪಾದಕ್ಕೆ ಬ್ರೇಕು ಎಟುಕಲಿಲ್ಲ. ಕನ್ನಡಿಯಲ್ಲಿ ಪಿಕಪ್ಪಿನ ಮಾಡಿನ ಒಂದು ತುಂಡು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಅವಳು ಬಗ್ಗಿ, ಸೀಟಿನ ಕೆಳಗೆ ಕೈ ಹಾಕಿ, ಚಳಿಗೆ ತಣ್ಣಗಾದ ಕಬ್ಬಿಣದ ಕಡ್ಡಿಯನ್ನು ಹುಡುಕಿದಳು. ಎತ್ತಿ ಹಿಡಿದು ಮುಂದಕ್ಕೆ ಜಗ್ಗಿದಳು. ಸೀಟು ಕಿರುಗುಟ್ಟುತ್ತ ಒಂದೊಂದೇ ಹಲ್ಲು ದಾಟಿ ಮುಂದೆ ಬಂದು ಕಚ್ಚಿಕೊಂಡಿತು.